ಗೋಡೆಯ ಕಲೆ ಅಳಿಸಿದವರು ಯಾರು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎನ್ನುವ ಗಾದೆಯ ಎರಡು ತುದಿಗಳನ್ನೂ ಹಿಡಿದು ಹೊಟ್ಟೆ ಹೊರೆಯುವ ಗೆಳೆಯನೊಬ್ಬ ನನಗಿದ್ದಾನೆ. ಮಂಡ್ಯದಲ್ಲಿ ಅವನದೊಂದು ಸಣ್ಣ ಸ್ಟುಡಿಯೋ. ಲಗ್ನದ ತಿಂಗಳುಗಳಲ್ಲಿ ಮದುವೆ ಫೋಟೋ. ಆಷಾಢ ಬಂತೆಂದರೆ ಛತ್ರಗಳಿಗೆ ಬೀಗ ಬೀಳುತ್ತದೆ, ಅವನ ಕ್ಯಾಮೆರಾ ಬೀರು ಸೇರುತ್ತದೆ. ಕೆಲವು ವರ್ಷಗಳಿಂದ ಆ ಖಾಲಿ ತಿಂಗಳುಗಳನ್ನು ತುಂಬುತ್ತಿರುವುದು ಮಾರಾಟಕ್ಕಿರುವ ಮನೆಗಳು. ಮಂಡ್ಯ, ಮದ್ದೂರು, ಮಳವಳ್ಳಿಯ ಬ್ರೋಕರುಗಳು ಕರೆದಲ್ಲಿಗೆ ಟ್ರೈಪಾಡ್ ಹೊತ್ತು ಹೋಗುತ್ತಾನೆ. ಹಾಲು, ಕೋಣೆ, ಅಡುಗೆಮನೆ, ಸಂಪು, ಮಹಡಿ ಎಲ್ಲವನ್ನೂ ತೆಗೆದು ರಾತ್ರಿಯೊಳಗೆ ಕಳಿಸಿಕೊಡುತ್ತಾನೆ.

ಈ ಕಸುಬು ನಮ್ಮ ಕಡೆ ಬೆಳೆದದ್ದಕ್ಕೆ ಕಾರಣವಿದೆ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್ ಆಯಿತು. ಮೊದಲು ಬೆಂಗಳೂರಿನವರು ವಡೆ ತಿನ್ನಲಿಕ್ಕಾದರೂ ಮದ್ದೂರಿನಲ್ಲಿ ಇಳಿಯುತ್ತಿದ್ದರು. ಇಳಿದವರ ಕಣ್ಣಿಗೆ ಊರು, ಗದ್ದೆ, ನಾಲೆ, ಚರಂಡಿ ಎಲ್ಲವೂ ಬೀಳುತ್ತಿತ್ತು. ಈಗ ಅವರ ಕಾರು ಊರಿನ ಪಕ್ಕದಲ್ಲೇ ಹಾದುಹೋಗುತ್ತದೆ, ಊರು ಅವರಿಗೆ ಕಾಣುವುದಿಲ್ಲ. ಆದರೆ ಒಂದೂಕಾಲು ಗಂಟೆಯ ದೂರ ಎಂದಾಗಿದ್ದೇ ತಡ, ಇಲ್ಲೊಂದು ಸೈಟು, ಒಂದು ಹಳೇ ಮನೆ ಇದ್ದರೆ ಚೆನ್ನ ಎನ್ನುವ ಆಸೆ ಹುಟ್ಟಿದೆ. ಊರನ್ನು ನೋಡುವುದು ಕಡಿಮೆಯಾಗಿ ಕೊಳ್ಳುವ ಆಸೆ ಹೆಚ್ಚಾದಾಗ, ನಡುವಿನ ಜಾಗವನ್ನು ಫೋಟೋ ತುಂಬಬೇಕಾಗುತ್ತದೆ.

ಮನೆಯ ಒಳಗನ್ನು ಫೋಟೋ ತೆಗೆಯುವುದು ನೋಡಿದಷ್ಟು ಸುಲಭವಲ್ಲ. ಕೋಣೆಯ ಕತ್ತಲನ್ನೂ ಕಿಟಕಿಯ ಆಚೆಗಿನ ಬಿಸಿಲನ್ನೂ ನಮ್ಮ ಕಣ್ಣು ಏಕಕಾಲಕ್ಕೆ ಸಂಭಾಳಿಸಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಅಷ್ಟು ಶಕ್ತಿಯಿಲ್ಲ. ಕೋಣೆ ಕಾಣುವಂತೆ ತೆಗೆದರೆ ಕಿಟಕಿ ಬೆಳ್ಳಗೆ ಸುಟ್ಟುಹೋಗುತ್ತದೆ. ಕಿಟಕಿಗೆ ತಕ್ಕಂತೆ ತೆಗೆದರೆ ಕೋಣೆ ಕಪ್ಪಾಗುತ್ತದೆ. ಅದಕ್ಕೆ ಒಂದೇ ಜಾಗದಿಂದ ಬೇರೆ ಬೇರೆ ಬೆಳಕಿನಲ್ಲಿ ಮೂರೋ ಐದೋ ಫೋಟೋ ತೆಗೆದು ಆಮೇಲೆ ಬೆಸೆಯಬೇಕು. ಟ್ಯೂಬ್‌ಲೈಟಿನ ನೀಲಿ, ಬಲ್ಬಿನ ಹಳದಿ, ಪಕ್ಕದ ಮನೆಯ ಹಸಿರು ಗೋಡೆಯಿಂದ ಪ್ರತಿಫಲಿಸಿದ ಬಣ್ಣ, ಇವನ್ನೆಲ್ಲ ಸರಿದೂಗಿಸಬೇಕು. ಅಗಲದ ಲೆನ್ಸಿನಿಂದ ಬಾಗಿದ ಕಂಬಗಳನ್ನು ನೆಟ್ಟಗೆ ನಿಲ್ಲಿಸಬೇಕು. ಮೊದಲೆಲ್ಲ ನನ್ನ ಗೆಳೆಯ ಒಂದು ಮನೆಯ ಇಪ್ಪತ್ತೈದು ಫೋಟೋಗಳಿಗೆ ನಡುರಾತ್ರಿಯವರೆಗೆ ಕೂರುತ್ತಿದ್ದ. ಆಮೇಲೆ ತಾನೇ ಪ್ರಿಸೆಟ್‌ಗಳನ್ನು ಮಾಡಿಕೊಂಡ: ಒಂದು ಫೋಟೋಕ್ಕೆ ಮಾಡಿದ್ದನ್ನು ಒಂದೇ ಗುಂಡಿಗೆ ಎಲ್ಲ ಫೋಟೋಗಳಿಗೂ ಹಚ್ಚುವ ವ್ಯವಸ್ಥೆ. ಈಗ ಅದೂ ಹಳತಾಗಿದೆ. ಫೋಟೋಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ ಎಐ ತಂತ್ರಾಂಶಕ್ಕೆ ಒಪ್ಪಿಸಿದರೆ, ಅವನು ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಬೆಸುಗೆ, ಬಣ್ಣ, ನೆಟ್ಟಗಿನ ಕಂಬ, ಬೇಕಿದ್ದರೆ ನೀಲಿ ಆಕಾಶ ಎಲ್ಲ ತಯಾರು.

ಇದರಲ್ಲಿ ತಪ್ಪು ಹುಡುಕಲು ನಾನು ಯಾರು? ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಉಳಿದ ಮೂರು ಗಂಟೆಯಲ್ಲಿ ಅವನು ಮಗಳಿಗೆ ಗಣಿತ ಹೇಳಿಕೊಡುತ್ತಾನೆ. ಯಂತ್ರ ಬಂದು ಮನುಷ್ಯನ ನಿದ್ದೆ ಉಳಿಸಿದರೆ ಅದು ಒಳ್ಳೆಯದೇ. ನಾನೂ ಹಾಗೇ ಅಂದುಕೊಂಡಿದ್ದೆ, ನಮ್ಮ ಮನೆಯ ಫೋಟೋ ತೆಗೆಸುವವರೆಗೆ.

*

ಅಮ್ಮ ತೀರಿಕೊಂಡ ಮೇಲೆ ಮದ್ದೂರಿನ ಮನೆ ಖಾಲಿ ಬಿತ್ತು. ನಾವು ಮೂವರು ಮಕ್ಕಳು ಮೂರು ಊರಿನಲ್ಲಿದ್ದೇವೆ. ತಂಗಿಗೆ ಹಣದ ಜರೂರು ಇತ್ತು. ಮಾರುವುದೆಂದು ತೀರ್ಮಾನವಾಯಿತು. ಆಷಾಢದ ಒಂದು ಬೆಳಿಗ್ಗೆ ಗೆಳೆಯ ಬಂದು ಫೋಟೋ ತೆಗೆದ. ರಾತ್ರಿ ನನ್ನ ಮೊಬೈಲಿಗೆ ಬಂದ ಇಪ್ಪತ್ತೆರಡು ಚಿತ್ರಗಳನ್ನು ನೋಡಿ ನನಗೆ ಖುಷಿಯಾಯಿತು. ಇಷ್ಟು ಚೆಂದದ ಮನೆಯಲ್ಲಿ ಹುಟ್ಟಿ ಬೆಳೆದೆನೇ ಅನಿಸಿತು. ಒಂದೊಂದನ್ನೇ ಸರಿಸುತ್ತ ಅಡುಗೆಮನೆಗೆ ಬಂದಾಗ ಏನೋ ಇಲ್ಲ ಅನಿಸಿತು. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಗೋಡೆಯ ಕಲೆ ಇರಲಿಲ್ಲ.

ಆ ಕಲೆಯ ಬಗ್ಗೆ ಹೇಳಬೇಕು. ನಮ್ಮ ಬಡಾವಣೆ ಒಂದು ಕಾಲಕ್ಕೆ ಗದ್ದೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ಮತ್ತು ಅದರಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಒಣನೆಲಕ್ಕೆ ನೀರು ತಂದವು. ಭತ್ತ, ಕಬ್ಬು ಬಂತು, ಸಕ್ಕರೆ ಕಾರ್ಖಾನೆ ಬಂತು. ನಾವೆಲ್ಲ ಓದಿದ್ದೇ ಆ ನೀರಿನ ದುಡ್ಡಿನಲ್ಲಿ. ಆದರೆ ನಾಲೆಯ ನೀರು ಗದ್ದೆಗೆ ಮಾತ್ರ ಹೋಗುವುದಿಲ್ಲ, ನೆಲದೊಳಗೂ ಇಳಿಯುತ್ತದೆ. ತಗ್ಗಿನಲ್ಲಿ ಜೌಗು ಹಿಡಿಯುತ್ತದೆ, ಕೆಲವು ಕಡೆ ಮಣ್ಣು ಉಪ್ಪೇರುತ್ತದೆ. ಅಂಥ ಜಾಗದಲ್ಲಿ ಪಾಯ ಸರಿಯಾಗಿ ಹಾಕದ ಮನೆಯ ಗೋಡೆ ಆ ನೀರನ್ನು ಬತ್ತಿಯಂತೆ ಮೇಲಕ್ಕೆ ಎಳೆಯುತ್ತದೆ. ನಾಲೆಗೆ ನೀರು ಬಿಟ್ಟ ಕೆಲವು ವಾರಕ್ಕೆ ನಮ್ಮ ಅಡುಗೆಮನೆಯ ಹಿಂದಿನ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಕಂದು ಗೆರೆಯೊಂದು ಏಳುತ್ತಿತ್ತು. ಅದರ ಅಂಚಿಗೆ ಬಿಳಿಯ ಉಪ್ಪಿನ ಹೂವು. ಅಮ್ಮ ಪ್ರತಿವರ್ಷ ಗೌರಿಹಬ್ಬಕ್ಕೆ ಸುಣ್ಣ ಬಳಿಯುತ್ತಿದ್ದರು. ದೀಪಾವಳಿಗೆ ಕಲೆ ಮತ್ತೆ ಹಾಜರು. ಅಮ್ಮ ಹೋದ ಮೇಲೆ ಸುಣ್ಣ ಬಳಿಯುವವರಿರಲಿಲ್ಲ. ಹಿಂದಿನ ವರ್ಷದ ಕಲೆ ಗೋಡೆಯ ಮೇಲೆ ಹಾಗೇ ಇತ್ತು. ಫೋಟೋದಲ್ಲಿ ಮಾತ್ರ ಗೋಡೆ ಹಾಲಿನಂತಿತ್ತು.

ಗೆಳೆಯನಿಗೆ ಫೋನು ಮಾಡಿದೆ. ಅವನು ನಿಜಕ್ಕೂ ಆಶ್ಚರ್ಯಪಟ್ಟ. ‘ನಾನೇನೂ ಮಾಡ್ಲಿಲ್ಲ ಕಣಣ್ಣ, ಅದೇ ಮಾಡ್ಕೊಂಡದೆ’ ಅಂದ. ಅವನ ಮಾತು ನಿಜ. ತಂತ್ರಾಂಶಕ್ಕೆ ಕಲೆ ಅಳಿಸು ಎಂದು ಯಾರೂ ಹೇಳಿರಲಿಲ್ಲ. ನೆರಳನ್ನು ಎತ್ತು, ಹಳದಿಯನ್ನು ತೆಗೆ, ಗೋಡೆಯ ಬಣ್ಣವನ್ನು ಸಮಮಾಡು ಎಂದು ಮಾತ್ರ ಅದಕ್ಕೆ ಗೊತ್ತು. ತೇವದ ಕಂದು ಅದರ ಲೆಕ್ಕದಲ್ಲಿ ಬೆಳಕಿನ ದೋಷ.

ಮೂರನೇ ದಿನ ಬೆಂಗಳೂರಿನಿಂದ ಫೋನು ಬಂತು. ಗಂಡ ಹೆಂಡತಿ ಇಬ್ಬರೂ ಮಾತಾಡಿದರು. ನಿವೃತ್ತಿಯ ನಂತರ ಇಲ್ಲಿ ಬಂದಿರುವ ಆಸೆಯಂತೆ. ‘ಅಡುಗೆಮನೆ ಎಷ್ಟು ಬೆಳಕಾಗಿದೆ’ ಅಂದರು ಆಕೆ. ನಾನು ‘ಹೌದು, ಪೂರ್ವಕ್ಕೆ ಕಿಟಕಿ ಇದೆ’ ಅಂದೆ. ಕಿಟಕಿ ಇರುವುದು ಸತ್ಯ. ನಾನು ಹೇಳಿದ್ದು ಒಂದೂ ಸುಳ್ಳಲ್ಲ. ಫೋನಿಟ್ಟ ಮೇಲೆ ಮಾತ್ರ ಊಟ ಸೇರಲಿಲ್ಲ.

*

ಆ ಸುಳ್ಳು ಯಾರದು? ಈ ಪ್ರಶ್ನೆ ನನ್ನನ್ನು ಎರಡು ದಿನ ಕಾಡಿತು. ತಂತ್ರಾಂಶ ಬರೆದವರಿಗೆ ಮದ್ದೂರಿನ ನಾಲೆ ಗೊತ್ತಿಲ್ಲ. ಅವರು ಯಂತ್ರಕ್ಕೆ ಎಲ್ಲೆಲ್ಲಿನದೋ ತಿದ್ದುವ ಮುಂಚಿನ ಮತ್ತು ತಿದ್ದಿದ ನಂತರದ ಚಿತ್ರಗಳನ್ನು ತೋರಿಸಿ ‘ಹೀಗೆ ಮಾಡು’ ಎಂದು ಕಲಿಸಿದ್ದಾರೆ. ಗೆಳೆಯ ಗುಂಡಿ ಒತ್ತಿದ್ದಾನೆ. ಬ್ರೋಕರ್ ಬಂದದ್ದನ್ನು ಹಾಗೇ ಮುಂದಕ್ಕೆ ಕಳಿಸಿದ್ದಾನೆ. ಎಲ್ಲರೂ ತಂತಮ್ಮ ಪಾಲಿನ ಸಣ್ಣ ಕೆಲಸವನ್ನು ನೆಟ್ಟಗೆ ಮಾಡಿದ್ದಾರೆ. ಕೊನೆಗೆ ಒಂದು ಸುಳ್ಳು ತಯಾರಾಗಿದೆ, ಅದಕ್ಕೆ ಹೇಳಿದವರೇ ಇಲ್ಲ.

ಮೊದಲು ಹೀಗಿರಲಿಲ್ಲ. ಗೆಳೆಯ ನಡುರಾತ್ರಿಯವರೆಗೆ ಕೂತು ಕೈಯಲ್ಲಿ ತಿದ್ದುತ್ತಿದ್ದಾಗ, ಆ ಕಲೆಯ ಮೇಲೆ ಅವನ ಕರ್ಸರ್ ಒಮ್ಮೆಯಾದರೂ ನಿಲ್ಲಬೇಕಿತ್ತು. ‘ಇದನ್ನು ತೆಗೆಯಲೋ ಬೇಡವೋ’ ಎಂದು ಅರೆಗಳಿಗೆ ಯೋಚಿಸಬೇಕಿತ್ತು. ಬಹುಶಃ ಆಗಲೂ ತೆಗೆಯುತ್ತಿದ್ದ. ಆದರೆ ತೆಗೆದದ್ದು ಅವನಿಗೆ ಗೊತ್ತಿರುತ್ತಿತ್ತು. ಆ ಅರೆಗಳಿಗೆಯೇ ಅವನ ಮನಸ್ಸಾಕ್ಷಿಗೆ ಕೂರಲು ಇದ್ದ ಜಾಗ. ಯಂತ್ರ ಉಳಿಸಿಕೊಟ್ಟ ಮೂರು ಗಂಟೆಯಲ್ಲಿ ಆ ಅರೆಗಳಿಗೆಯೂ ಸೇರಿಕೊಂಡಿತ್ತು. ಸಮಯ ಉಳಿಯಿತು ಎನ್ನುವಾಗ ಆ ಸಮಯದಲ್ಲಿ ಏನೇನು ನಡೆಯುತ್ತಿತ್ತು ಎಂದು ನಾವು ಕೇಳುವುದಿಲ್ಲ. ಬೇಸರದ ಕೆಲಸದ ಜೊತೆ ಕಣ್ಣಿಟ್ಟು ನೋಡುವ ಕೆಲಸವೂ ಹೊರಟುಹೋಗಿದ್ದರೆ ಅದು ಲೆಕ್ಕಕ್ಕೆ ಬರುವುದೇ ಇಲ್ಲ.

ಹಾಗಾದರೆ ಹೊಣೆ ಯಾರ ಮೇಲೂ ಇಲ್ಲವೇ? ಎಲ್ಲರ ನಡುವೆ ಕಲೆಯ ವಿಷಯ ತಿಳಿದಿದ್ದವನು ನಾನೊಬ್ಬನೇ. ಮಾಡಿದವರು ಯಾರೆಂದು ಗೊತ್ತಾಗದಿದ್ದಾಗ ಹೊಣೆ ಗೊತ್ತಿದ್ದವನ ಹೆಗಲಿಗೆ ಬರುತ್ತದೆ. ಇದು ನನಗೆ ಹಿತವಾದ ಉತ್ತರವಾಗಿರಲಿಲ್ಲ.

*

ನಾನು ವಾದ ಹೂಡಿದೆ, ನನ್ನೊಳಗೇ. ಮೊದಲ ವಾದ: ಫೋಟೋ ಯಾವತ್ತು ಪೂರ್ತಿ ನಿಜ ಹೇಳಿದೆ? ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲೇ ಸಮುದ್ರಕ್ಕೆ ಒಂದು ನೆಗೆಟಿವ್, ಆಕಾಶಕ್ಕೆ ಇನ್ನೊಂದು ನೆಗೆಟಿವ್ ಬಳಸಿ ಚಿತ್ರ ಮುದ್ರಿಸುತ್ತಿದ್ದ. ಅಂದಿನ ರಾಸಾಯನಿಕಗಳು ನೀಲಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಸಮುದ್ರ ಸರಿಯಾಗಿ ಬಂದರೆ ಆಕಾಶ ಬರೀ ಬಿಳುಪಾಗುತ್ತಿತ್ತು. 2020ರಲ್ಲಿ ಫೋಟೋಶಾಪ್‌ಗೆ ಒಂದೇ ಗುಂಡಿಯಲ್ಲಿ ಆಕಾಶ ಬದಲಿಸುವ ಸೌಲಭ್ಯ ಬಂದಾಗ ಅದು ನೂರೈವತ್ತು ವರ್ಷ ಮೀರಿದ ಚಾಳಿಯ ಹೊಸ ರೂಪವಷ್ಟೇ. ನಮ್ಮ ಊರುಗಳ ಸ್ಟುಡಿಯೋಗಳಲ್ಲೂ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ವರನ ಮೊಡವೆ ತೆಗೆಯುತ್ತಿರಲಿಲ್ಲವೇ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವವರು ನಾವು. ಮನೆಗೆ ಮಾತ್ರ ಏಕೆ ಸತ್ಯಸಂಧತೆ?

ಆದರೆ ಲ ಗ್ರೇ ಮಾಡಿದ್ದರಲ್ಲಿ ಒಂದು ಸೂಕ್ಷ್ಮವಿದೆ. ಆಕಾಶ ಅಲ್ಲಿತ್ತು, ಕ್ಯಾಮೆರಾಕ್ಕೆ ಹಿಡಿಯಲಾಗಲಿಲ್ಲ. ಅವನು ಕ್ಯಾಮೆರಾದ ಊನವನ್ನು ತುಂಬುತ್ತಿದ್ದ. ಕಿಟಕಿಯ ಬೆಳಕನ್ನು ಬೆಸೆಯುವುದು, ಬಾಗಿದ ಕಂಬವನ್ನು ನೆಟ್ಟಗೆ ಮಾಡುವುದು ಇದೇ ಜಾತಿಯವು. ನಿಜದಲ್ಲಿ ಕಂಬ ನೆಟ್ಟಗೇ ಇದೆ. ಕಲೆ ಅಳಿಸುವುದು ಹಾಗಲ್ಲ. ಅಲ್ಲಿ ಕ್ಯಾಮೆರಾ ಸರಿಯಾಗಿಯೇ ನೋಡಿತ್ತು, ಊನ ಇದ್ದದ್ದು ಮನೆಯಲ್ಲಿ. ತಮಾಷೆಯೆಂದರೆ ಯಂತ್ರಕ್ಕೆ ಇವೆರಡರ ವ್ಯತ್ಯಾಸ ಗೊತ್ತಿಲ್ಲ. ಅದಕ್ಕೆ ಎರಡೂ ‘ಸರಿಪಡಿಸುವಿಕೆ’ಯೇ.

ಎರಡನೇ ವಾದ: ನಾನೇನೂ ಸುಳ್ಳಾಡಲಿಲ್ಲ, ಕೊಳ್ಳುವವರು ಬಂದು ನೋಡಿಕೊಳ್ಳಲಿ. ಈ ವಾದಕ್ಕೆ ಎರಡು ಸಾವಿರ ವರ್ಷದ ವಯಸ್ಸು. ರೋಮ್‌ನ ಸಿಸೆರೋ ಕ್ರಿ.ಪೂ. 44ರಲ್ಲಿ ಮಗನಿಗಾಗಿ ಬರೆದ ಕರ್ತವ್ಯಗಳ ಕುರಿತ ಪುಸ್ತಕದಲ್ಲಿ ಇಂಥದೇ ಮನೆಯೊಂದು ಬರುತ್ತದೆ. ನೋಡಲು ಚೆನ್ನಾಗಿದೆ, ಆದರೆ ಅನಾರೋಗ್ಯಕರ. ಕೋಣೆಗಳಲ್ಲಿ ವಿಷಜಂತುಗಳ ಕಾಟ, ಮರಮುಟ್ಟು ಲಡ್ಡು. ಮಾಲೀಕನ ಹೊರತು ಇದು ಯಾರಿಗೂ ಗೊತ್ತಿಲ್ಲ. ಹೇಳಬೇಕೇ? ಡಯೋಜಿನೀಸ್ ಎಂಬ ತತ್ವಜ್ಞಾನಿ ಹೇಳುತ್ತಾನೆ: ಕೊಳ್ಳು ಎಂದು ಯಾರಾದರೂ ಬಲವಂತ ಮಾಡಿದರೇ? ಮಾರುವವನೇ ತನ್ನ ಸರಕಿನ ಹುಳುಕು ಸಾರುವುದಕ್ಕಿಂತ ದಡ್ಡತನ ಇದೆಯೇ? ಅವನ ಶಿಷ್ಯ ಆಂಟಿಪೇಟರ್ ಒಪ್ಪುವುದಿಲ್ಲ. ದಾರಿ ತಪ್ಪಿದವನಿಗೆ ದಾರಿ ತೋರದಿರುವುದೇ ತಪ್ಪಾದರೆ, ಗೊತ್ತಿದ್ದೂ ಹಳ್ಳಕ್ಕೆ ಇಳಿಯಬಿಡುವುದು ಅದಕ್ಕಿಂತ ದೊಡ್ಡ ತಪ್ಪು ಎನ್ನುವುದು ಅವನ ನಿಲುವು. ಸಿಸೆರೋ ತೀರ್ಪು ಆಂಟಿಪೇಟರ್ ಕಡೆಗೆ. ಸುಮ್ಮನಿರುವುದೆಲ್ಲ ಮುಚ್ಚಿಡುವುದಲ್ಲ, ಆದರೆ ನಿನ್ನ ಲಾಭಕ್ಕಾಗಿ, ತಿಳಿದರೆ ಪ್ರಯೋಜನವಾಗುವವನಿಂದ ಬಚ್ಚಿಡುವುದು ಮುಚ್ಚಿಡುವುದೇ.

ಅದೇ ಪುಸ್ತಕದಲ್ಲಿ ಇನ್ನೊಂದು ಕಥೆ. ಸಿರಾಕ್ಯೂಸ್‌ನ ಪಿಥಿಯಸ್ ಎಂಬ ಲೇವಾದೇವಿಗಾರ ತನ್ನ ತೋಟದ ಮನೆಗೆ ಕೇನಿಯಸ್ ಎಂಬವನನ್ನು ಊಟಕ್ಕೆ ಕರೆಯುತ್ತಾನೆ. ಮೊದಲೇ ಬೆಸ್ತರಿಗೆ ಹೇಳಿ, ಆವತ್ತು ತೋಟದ ಮುಂದೆಯೇ ಮೀನು ಹಿಡಿಯುವ ಏರ್ಪಾಟು ಮಾಡಿರುತ್ತಾನೆ. ದೋಣಿಗಳ ಸಾಲು, ಕಾಲ ಬಳಿ ಮೀನಿನ ರಾಶಿ ನೋಡಿ ಕೇನಿಯಸ್ ಮರುಳಾಗುತ್ತಾನೆ, ಕೇಳಿದ ಬೆಲೆ ಕೊಟ್ಟು ತೋಟ ಕೊಳ್ಳುತ್ತಾನೆ. ಮರುದಿನ ಗೆಳೆಯರನ್ನು ಕರೆತಂದರೆ ಒಂದು ದೋಣಿಯೂ ಇಲ್ಲ. ಇವತ್ತು ಬೆಸ್ತರಿಗೆ ಹಬ್ಬವೇ ಎಂದು ನೆರೆಯವನನ್ನು ಕೇಳಿದರೆ, ಇಲ್ಲಿ ಯಾರೂ ಮೀನು ಹಿಡಿಯುವುದೇ ಇಲ್ಲ, ನಿನ್ನೆ ಏನಾಯಿತೋ ಎಂದು ನಾನೇ ಬೆರಗಾಗಿದ್ದೆ ಎನ್ನುತ್ತಾನೆ. ಖಾಲಿ ಕೋಣೆಗೆ ಕಂಪ್ಯೂಟರಿನಲ್ಲಿ ಸೋಫಾ ಕೂರಿಸಿ, ಒಣಗಿದ ಅಂಗಳಕ್ಕೆ ಹಸಿರು ಹುಲ್ಲು ಹಾಸುವವರಿಗೆ ಪಿಥಿಯಸ್ ಪೂರ್ವಿಕ. ಅವನಿಗೆ ಬೆಸ್ತರನ್ನು ಒಪ್ಪಿಸುವ ಶ್ರಮವಾದರೂ ಇತ್ತು.

*

ಮೂರನೇ ವಾದವೇ ಗಟ್ಟಿ. ಎಲ್ಲರೂ ಹೀಗೆಯೇ ಮಾಡುತ್ತಾರೆ, ನೋಡುವವರಿಗೂ ಅದು ಗೊತ್ತು, ಅವರು ಅಷ್ಟು ಕಳೆದೇ ನೋಡುತ್ತಾರೆ. ಎಲ್ಲರ ಗೋಡೆ ಬೆಳ್ಳಗಿರುವಾಗ ನಿನ್ನದೊಂದೇ ಕಂದಾಗಿದ್ದರೆ, ನಿನ್ನ ಮನೆ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ.

ಇದಕ್ಕೆ ಉತ್ತರ ಹುಡುಕುವಾಗ ನನಗೆ ನೆನಪಾದದ್ದು ಬೆಲ್ಲ. ಮಂಡ್ಯದ ಮಾರುಕಟ್ಟೆ ಬೆಲ್ಲಕ್ಕೆ ಹೆಸರಾದದ್ದು. ಕಬ್ಬಿನ ಹಾಲನ್ನು ಹಾಗೇ ಕಾಯಿಸಿ ಇಳಿಸಿದರೆ ಬೆಲ್ಲ ಕಂದುಗಪ್ಪು ಬರುತ್ತದೆ. ಪೇಟೆಯವರಿಗೆ ಬೇಕಾದದ್ದು ಹೊಂಬಣ್ಣ. ಅದಕ್ಕೆ ಆಲೆಮನೆಗಳಲ್ಲಿ ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಬಣ್ಣ ತಿಳಿ ಮಾಡುವ ರೂಢಿ ಬಂತು. ಹಾಕಿದವನ ಬೆಲ್ಲಕ್ಕೆ ಬೆಲೆ, ಹಾಕದವನ ಬೆಲ್ಲ ಕೊಳಕು ಎಂದಾಯಿತು. ಕೊಳ್ಳುವವರು ‘ಅಷ್ಟು ಕಳೆದು’ ನೋಡಲಿಲ್ಲ. ಒಂದು ತಲೆಮಾರಿಗೆ ಬೆಲ್ಲದ ನಿಜವಾದ ಬಣ್ಣವೇ ಮರೆತುಹೋಯಿತು. ಈಗ ಪಟ್ಟಣದ ಅಂಗಡಿಗಳಲ್ಲಿ ಕಪ್ಪು ಬೆಲ್ಲವನ್ನು ‘ಸಾವಯವ’ ಎಂದು ಹೆಚ್ಚಿನ ಬೆಲೆಗೆ ಮಾರುತ್ತಾರೆ. ಎಲ್ಲರೂ ಬಿಳಿಚಿಸಿದಾಗ ಬಿಳಿಚಿಸಿದವರಿಗೂ ಲಾಭ ಉಳಿಯಲಿಲ್ಲ. ನಿಜದ ಬಣ್ಣ ಇಟ್ಟುಕೊಂಡವನು ಮಾತ್ರ ನಡುವೆ ಸೋತ. ಕಳೆದು ನೋಡುವ ಜಾಣ್ಮೆ ಇರುವವರಿಗೆ ಹೇಗೂ ಮೋಸವಾಗುವುದಿಲ್ಲ. ಮೋಸವಾಗುವುದು ಆ ಜಾಣ್ಮೆ ಇಲ್ಲದವರಿಗೆ, ಮೊದಲ ಬಾರಿ ಮನೆ ಕೊಳ್ಳುವವರಿಗೆ, ಇರುವ ಪಿ.ಎಫ್. ಹಣವನ್ನೆಲ್ಲ ಒಂದೇ ಕಡೆ ಹಾಕುವವರಿಗೆ.

ಕಾನೂನು ಏನೆನ್ನುತ್ತದೆ? 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್, ಸುಳ್ಳು ಜಾಹೀರಾತು ನಂಬಿ ಮುಂಗಡ ಕೊಟ್ಟವರಿಗೆ ಬಿಲ್ಡರುಗಳು ಪರಿಹಾರ ಕೊಡಬೇಕು ಎನ್ನುತ್ತದೆ. ನಮ್ಮಂಥವರ ಹಳೇ ಮನೆಗೆ ಅದು ಮುಟ್ಟುವುದಿಲ್ಲ. ಅದಕ್ಕಿರುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್: ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ಅವನು ಕಂಡುಕೊಳ್ಳಲಾಗದ ದೊಡ್ಡ ದೋಷವಿದ್ದರೆ ತಿಳಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ 2026ರ ಜನವರಿ 1ರಿಂದ ಜಾರಿಗೆ ಬಂದ ಕಾನೂನು ಇನ್ನೂ ನೇರ: ಮನೆ ಮಾರಾಟದ ಜಾಹೀರಾತಿನಲ್ಲಿ ಚಿತ್ರವನ್ನು ಕಂಪ್ಯೂಟರಿನಲ್ಲಿ ಬದಲಿಸಿದ್ದರೆ ಹಾಗೆಂದು ಹೇಳಿ, ಮೂಲ ಚಿತ್ರವನ್ನೂ ನೋಡಲು ಸಿಗುವಂತೆ ಮಾಡಬೇಕು. ಬೆಳಕು, ಬಣ್ಣ, ಓರೆ ಸರಿಪಡಿಸಿದ್ದಕ್ಕೆ ಈ ಕಟ್ಟಳೆ ಇಲ್ಲ. ಕ್ಯಾಮೆರಾದ ಊನ ಬೇರೆ, ಮನೆಯ ಊನ ಬೇರೆ ಎಂಬ ಗೆರೆಯನ್ನು ಅಲ್ಲಿಯೂ ಎಳೆದಿದ್ದಾರೆ.

ಆದರೆ ಆ ಗೆರೆ ಸಾಲದು. ಫೋಟೋಕ್ಕೆ ಮುಂಚೆ ನಾವು ಮನೆ ಗುಡಿಸಿದ್ದೆವು, ಹಗ್ಗದ ಮೇಲಿನ ಬಟ್ಟೆ ತೆಗೆದಿದ್ದೆವು, ಬಾಗಿಲಿಗೆ ರಂಗೋಲಿ ಹಾಕಿದ್ದೆವು. ಅದೂ ಮೋಸವೇ? ನೆಂಟರು ಬರುವಾಗ ಮನೆ ಓರಣ ಮಾಡುವುದು ಮರ್ಯಾದೆ. ಕಷ್ಟಕ್ಕೆ ಮನೆ ಮಾರುವವರಿಗೂ ಆ ಮರ್ಯಾದೆ ಬೇಡವೇ? ಗೆಳೆಯನೂ ನಾನೂ ಇದರ ಬಗ್ಗೆ ಬಹಳ ಹೊತ್ತು ಮಾತಾಡಿ ಒಂದು ಸೂತ್ರಕ್ಕೆ ಬಂದೆವು. ಮಾರುವವರು ಹೋಗುವಾಗ ಜೊತೆಗೆ ಒಯ್ಯುವುದನ್ನೆಲ್ಲ ಚಿತ್ರದಿಂದ ತೆಗೆಯಬಹುದು: ಬಟ್ಟೆ, ಮಂಚ, ಗೋಡೆಯ ಕ್ಯಾಲೆಂಡರು, ಅಪ್ಪನ ಹಾರ ಹಾಕಿದ ಫೋಟೋ. ಕೊಳ್ಳುವವರಿಗೆ ಬಿಟ್ಟುಹೋಗುವುದನ್ನು ತೆಗೆಯಬಾರದು: ತೇವ, ಬಿರುಕು, ಪಕ್ಕದ ಮೋರಿ, ತಲೆಯ ಮೇಲಿನ ತಂತಿ.

ತಂತಿ ಎಂದಾಗ ಗೆಳೆಯ ನಕ್ಕ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದು ಕರೆಂಟು ಕಳಿಸಿದರು. 2024ರಲ್ಲಿ ಫೋಟೋಶಾಪ್‌ಗೆ ಚಿತ್ರದಲ್ಲಿರುವ ತಂತಿಗಳನ್ನು ತಾನೇ ಹುಡುಕಿ ಅಳಿಸುವ ಗುಂಡಿ ಬಂತು. ಮದುವೆಯ ಫೋಟೋದಲ್ಲಿ ಅದು ವರ. ವಧುವಿನ ತಲೆಯ ಮೇಲೆ ಹಾದ ತಂತಿ ಅವಳ ಬಾಳಿಗೆ ಸಂಬಂಧಿಸಿದ್ದಲ್ಲ. ಮನೆಯ ತಾರಸಿಯ ಮೇಲೆ ಹಾದ ಹೈಟೆನ್ಷನ್ ತಂತಿ ಅಲ್ಲಿ ಗಾಳಿಪಟ ಹಾರಿಸುವ ಮಗುವಿಗೆ ಸಂಬಂಧಿಸಿದ್ದು. ಗುಂಡಿ ಒಂದೇ; ಅದನ್ನು ಎಲ್ಲಿ ಒತ್ತುತ್ತೇವೆ ಎನ್ನುವುದನ್ನು ಮನುಷ್ಯನೇ ನೋಡಬೇಕು.

*

ಮೂರನೇ ದಿನ ಬೆಂಗಳೂರಿನವರಿಗೆ ಫೋನು ಮಾಡಿ ಕಲೆಯ ವಿಷಯ ಹೇಳಿದೆ. ಅಸಲಿ ಫೋಟೋ ಕಳಿಸಿದೆ. ಅವರು ಥ್ಯಾಂಕ್ಸ್ ಹೇಳಿದರು. ಮತ್ತೆ ಫೋನು ಮಾಡಲಿಲ್ಲ. ತಂಗಿ ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ‘ಅಮ್ಮನೂ ಸುಣ್ಣ ಬಳಿದು ಮುಚ್ತಿದ್ದಳಲ್ಲ, ಅವಳೂ ಮೋಸಗಾರಳಾ?’ ಎಂದು ಕೇಳಿದಳು. ನಾನು ಆಗ ಸುಮ್ಮನಿದ್ದೆ. ಅಮ್ಮ ಬಳಿದ ಸುಣ್ಣದ ಹಿಂದೆ ಅಮ್ಮನೇ ಬದುಕುತ್ತಿದ್ದಳು. ಕಲೆ ಮರಳಿದಾಗ ಅದನ್ನು ಮತ್ತೆ ನೋಡುವವಳೂ ಅವಳೇ. ಯಂತ್ರ ಬಳಿದ ಸುಣ್ಣದ ಹಿಂದೆ ಬೇರೆ ಯಾರೋ ಬದುಕಬೇಕಿತ್ತು. ಇದನ್ನು ತಂಗಿಗೆ ಹೇಳಿದರೆ ಅವಳ ಸಾಲ ತೀರುವುದಿಲ್ಲವಲ್ಲ. ಸತ್ಯದ ಖರ್ಚನ್ನು ಹೇಳಿದವನೊಬ್ಬನೇ ತೆರುವುದಿಲ್ಲ ಎನ್ನುವುದು ನನ್ನ ಎದುರಿಗೇ ಕೂತಿತ್ತು. ಅದಕ್ಕೆ ನನ್ನ ಬಳಿ ಈಗಲೂ ಪೂರ್ತಿ ಉತ್ತರವಿಲ್ಲ. ನನ್ನ ಪಾಲಿನಲ್ಲಿ ಸ್ವಲ್ಪ ಅವಳಿಗೆ ಬಿಟ್ಟುಕೊಟ್ಟೆ, ಅಷ್ಟೇ.

ನಾಲ್ಕು ತಿಂಗಳ ನಂತರ, ನಾಲೆಯಲ್ಲಿ ನೀರಿದ್ದಾಗಲೇ ಮನೆ ಮಾರಾಟವಾಯಿತು, ಅಂದುಕೊಂಡದ್ದಕ್ಕಿಂತ ಕಡಿಮೆಗೆ. ಕೊಂಡವರು ಇದೇ ತಾಲ್ಲೂಕಿನವರು. ಆ ಮನೆಯ ಹಿರಿಯರು ಅಡುಗೆಮನೆಗೆ ಹೋದವರೇ ಗೋಡೆಗೆ ಅಂಗೈ ಇಟ್ಟು ನೋಡಿದರು. ‘ಗದ್ದೆ ಮೇಲಿನ ಮನೆ, ನಾಲೆ ಬಿಟ್ಟಾಗ ಇದು ಇದ್ದದ್ದೇ. ಪಾಯದ ಪಕ್ಕ ಅಗೆಸಿ ಸರಿ ಮಾಡ್ಕೋಬೋದು ಬುಡಿ’ ಅಂದರು. ನಮಗೆ ಅಷ್ಟು ವರ್ಷ ಹೊಳೆಯದ ಉಪಾಯ ಅವರಿಗೆ ಒಂದು ನಿಮಿಷದಲ್ಲಿ ಹೊಳೆಯಿತು. ಕಲೆ ಕಂಡದ್ದರಿಂದ ಹೊಳೆಯಿತು.

ಗೆಳೆಯ ತಂತ್ರಾಂಶ ಬಿಟ್ಟಿಲ್ಲ. ಬಿಡು ಎಂದು ನಾನೂ ಹೇಳಿಲ್ಲ. ಬೆಸುಗೆ, ಬಣ್ಣ, ಓರೆ ಎಲ್ಲ ಈಗಲೂ ಯಂತ್ರದ್ದೇ. ಗೋಡೆ ಸಮಮಾಡುವುದನ್ನೂ ವಸ್ತು ಅಳಿಸುವುದನ್ನೂ ಅವನು ಆರಿಸಿ ನಿಲ್ಲಿಸಿದ್ದಾನೆ. ಕೊನೆಗೆ ಒಂದು ಕೆಲಸ ಸೇರಿಸಿಕೊಂಡಿದ್ದಾನೆ: ಯಂತ್ರ ಕೊಟ್ಟ ಒಂದೊಂದು ಚಿತ್ರವನ್ನೂ ಅಸಲಿಯ ಪಕ್ಕ ಇಟ್ಟು ನೋಡುತ್ತಾನೆ. ಇಪ್ಪತ್ತೈದು ಚಿತ್ರಕ್ಕೆ ಹತ್ತು ನಿಮಿಷ. ಒಂದಿಬ್ಬರು ಬ್ರೋಕರುಗಳು ಅವನನ್ನು ಬಿಟ್ಟು ಬೇರೆಯವರನ್ನು ಹಿಡಿದಿದ್ದಾರೆ. ಉಳಿದವರು ಏನೂ ಕೇಳಿಲ್ಲ. ಮೊನ್ನೆ ಅವನ ಸ್ಟುಡಿಯೋಗೆ ಹೋದಾಗ ಮಗಳು ಪಕ್ಕದಲ್ಲಿ ಕೂತು ಗಣಿತ ಮಾಡುತ್ತಿದ್ದಳು. ಅವನು ಮಳವಳ್ಳಿಯ ಯಾವುದೋ ಮನೆಯ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಕನ್ನಡಕ ಏರಿಸಿ, ಒಂದು ಬಿರುಕಿನ ಮೇಲೆ ಕರ್ಸರ್ ನಿಲ್ಲಿಸಿ ಸುಮ್ಮನೆ ನೋಡುತ್ತಿದ್ದ.